ಮನಾಲಿಯಿಂದ ಲೇಹ್‌ಗೆ ಸೈಕಲ್: ಮೊದಲು ರಾತ್ರಿ ಎಲ್ಲಿ ಮಲಗುತ್ತೀರಿ ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಲಡಾಖ್ ದಾರಿಯದ್ದೇ. ಸೈಕಲ್ ಮೇಲೆ ಮನಾಲಿಯಿಂದ ಲೇಹ್‌ಗೆ ಹೋಗಬೇಕು ಅಂತ ಇಷ್ಟು ಜನ ಲೆಕ್ಕ ಹಾಕುತ್ತಿದ್ದೀರಿ ಅಂತ ತಿಳಿದು ನಿಜಕ್ಕೂ ಖುಷಿಯಾಯಿತು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ನಾವು ಮೂವರು ಗೆಳೆಯರು. ದಿನಕ್ಕೆ 80ರಿಂದ 100 ಕಿಮೀ ಆರಾಮಾಗಿ ತುಳಿಯುತ್ತೇವೆ. ಮನಾಲಿ–ಲೇಹ್ ಹಳೆಯ ದಾರಿ ಸುಮಾರು 475 ಕಿಮೀ ಅಂತೆ. ಆರು ದಿನದಲ್ಲಿ ಮುಗಿಸಬಹುದಾ? ನಮಗೆ ಇರುವ ರಜೆ ಹತ್ತೇ ದಿನ.

ಆರು ದಿನ ಬೇಡ. ನಿಮ್ಮ ಕಾಲಿಗೆ ಆ ಶಕ್ತಿ ಇರಬಹುದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಈ ದಾರಿಯಲ್ಲಿ ಕಾಲು ಸೋಲುವ ಮೊದಲು ತಲೆ ಸೋಲುತ್ತದೆ.

ದಾರಿ ಹೇಗಿದೆ ನೋಡಿ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಅಲ್ಲಿಂದ ಲೇಹ್ ತಲುಪುವಷ್ಟರಲ್ಲಿ ಐದು ಪಾಸ್, ಅಂದರೆ ರಸ್ತೆ ಬೆಟ್ಟಸಾಲು ದಾಟುವ ಎತ್ತರದ ಜಾಗಗಳನ್ನು, ಹತ್ತಿ ಇಳಿಯಬೇಕು. ಹೆಸರಿನ ಕೊನೆಯ ‘ಲಾ’ ಅಂದರೂ ಪಾಸ್ ಅಂತಲೇ. ರೋಹ್ತಾಂಗ್ 3,978 ಮೀಟರ್, ಬಾರಾಲಾಚಾ ಲಾ ಹತ್ತಿರ ಹತ್ತಿರ 4,900, ನಕೀ ಲಾ 4,700ಕ್ಕೂ ಮೇಲೆ, ಲಾಚುಂಗ್ ಲಾ 5,060ರ ಆಸುಪಾಸು, ಕೊನೆಗೆ ತಂಗ್ಲಾಂಗ್ ಲಾ 5,300 ದಾಟುತ್ತದೆ. ಹೊಸಬರೆಲ್ಲ ಈ ಪಾಸ್‌ಗಳ ಎತ್ತರ ನೋಡಿ ಹೆದರುತ್ತಾರೆ. ಪಾಸ್ ಹತ್ತುವುದು ಕಷ್ಟ ಹೌದು, ಆದರೆ ತುದಿಯಲ್ಲಿ ನೀವು ಇರುವುದು ಅರ್ಧ ಗಂಟೆ, ಒಂದು ಫೋಟೊ, ಒಂದು ಬಿಸ್ಕತ್ತು, ಮತ್ತೆ ಇಳಿಜಾರು. ಅಪಾಯ ಇರುವುದು ರಾತ್ರಿ ಮಲಗುವ ಜಾಗದಲ್ಲಿ. ನಿದ್ದೆಯಲ್ಲಿ ಉಸಿರಾಟ ಇನ್ನೂ ನಿಧಾನ ಆಗುತ್ತದೆ, ರಕ್ತದಲ್ಲಿ ಆಮ್ಲಜನಕ ಇನ್ನೂ ಇಳಿಯುತ್ತದೆ, ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿರುತ್ತದೆ.

ಹಾಗಾಗಿ ಪ್ಲ್ಯಾನ್ ಮಾಡುವಾಗ ಕಿಲೋಮೀಟರ್ ಕಾಲಂ ಪಕ್ಕಕ್ಕಿಡಿ. ಒಂದು ಹಾಳೆಯಲ್ಲಿ ಪ್ರತಿ ರಾತ್ರಿಯ ಊರು, ಅದರ ಎತ್ತರ ಇಷ್ಟೇ ಬರೆಯಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಅಲ್ಲೇ ಇರಬೇಕು. ಪರ್ವತ ವೈದ್ಯರು ಹೇಳುವುದು ಇದನ್ನೇ.

ಈಗ ಎಲ್ಲರೂ ಮಾಡುವ ಪ್ಲ್ಯಾನನ್ನು ಈ ಹಾಳೆಯಲ್ಲಿ ಹಾಕಿ ನೋಡಿ. ಜಿಸ್ಪಾದಲ್ಲಿ ಮಲಗುತ್ತಾರೆ, ಅದು 3,200 ಮೀಟರ್. ಮಾರನೇ ದಿನ ಬಾರಾಲಾಚಾ ದಾಟಿ ಸರ್ಚುವಿನಲ್ಲಿ ಮಲಗುತ್ತಾರೆ, ಅದು 4,290. ಒಂದೇ ರಾತ್ರಿಗೆ ಸಾವಿರ ಮೀಟರಿಗಿಂತ ಜಾಸ್ತಿ! ಕಾರಿನಲ್ಲಿ ಬಂದವರೂ ಇದನ್ನೇ ಮಾಡುತ್ತಾರೆ, ಸರ್ಚುವಿನ ಟೆಂಟುಗಳಲ್ಲಿ ರಾತ್ರಿಯಿಡೀ ವಾಂತಿ ಮಾಡುತ್ತಾರೆ. ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಸರ್ಚುವಿನ ನಿಜವಾದ ತೊಂದರೆ ನಕ್ಷೆಯಲ್ಲಿದೆ. ಹಿಂದಕ್ಕೆ ಹೋದರೆ ಬಾರಾಲಾಚಾ, ಮುಂದಕ್ಕೆ ಹೋದರೆ ನಕೀ ಲಾ ಮತ್ತು ಲಾಚುಂಗ್ ಲಾ. ಅದನ್ನೂ ದಾಟಿದರೆ ಪಾಂಗ್, ಅದು 4,600 ಮೀಟರ್, ಅಲ್ಲಿಂದ ಆಚೆಗೆ ತಂಗ್ಲಾಂಗ್ ಲಾ. ಅಂದರೆ ಬಾರಾಲಾಚಾ ದಾಟಿದ ಮೇಲೆ ತಂಗ್ಲಾಂಗ್ ಲಾ ಇಳಿಯುವವರೆಗೆ, ಆರೋಗ್ಯ ಕೆಟ್ಟರೆ ಮೊದಲು ಹತ್ತಿ ಆಮೇಲೆ ಇಳಿಯಬೇಕು. ಎತ್ತರದ ಕಾಯಿಲೆಗೆ ಔಷಧಿ ಅಂದರೆ ಇಳಿಯುವುದು, ಆ ಔಷಧಿಯೇ ಅಲ್ಲಿ ಕೈಗೆ ಸಿಗುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ಮನಾಲಿಯಲ್ಲಿ ಎರಡು ರಾತ್ರಿ. ಸೈಕಲ್ ಜೋಡಿಸುವುದಕ್ಕೂ ಅಷ್ಟು ಸಮಯ ಬೇಕು. ಆಮೇಲೆ ಮಢಿ, ಸುಮಾರು 3,300. ಅಲ್ಲಿಂದ ರೋಹ್ತಾಂಗ್ ಹತ್ತಿ ಚಂದ್ರಾ ನದಿಯ ಕಣಿವೆಗೆ ಇಳಿದು ಸಿಸ್ಸು, 3,100. ಮೇಲೆ ಹತ್ತಿ ಕೆಳಗೆ ಮಲಗಿದರೆ ದೇಹ ಬೇಗ ಒಗ್ಗುತ್ತದೆ, ಅದಕ್ಕೇ ಈ ದಾರಿ ನನಗೆ ಇಷ್ಟ. 2020ರ ಅಕ್ಟೋಬರ್‌ನಲ್ಲಿ ರೋಹ್ತಾಂಗ್ ಕೆಳಗೆ ಹಾದುಹೋಗುವ ಒಂಬತ್ತು ಕಿಮೀ ಉದ್ದದ ಅಟಲ್ ಸುರಂಗ ಶುರುವಾದ ಮೇಲೆ ಲೇಹ್ ಕಡೆಯ ಲಾರಿ ಬಸ್ಸುಗಳು ಅದರಲ್ಲೇ ಹೋಗುತ್ತವೆ, ರೋಹ್ತಾಂಗ್ ರಸ್ತೆಯಲ್ಲಿ ಸೈಕಲ್‌ನವರಿಗೆ ಮೊದಲಿಗಿಂತ ನೆಮ್ಮದಿ. ಸುಮ್ನೆ ಸಮಯ ಉಳಿಸಲು ರೋಹ್ತಾಂಗ್ ಬಿಡಬೇಡಿ. ಸಿಸ್ಸು ಆದ ಮೇಲೆ ಚಂದ್ರಾ, ಭಾಗಾ ನದಿಗಳು ಕೂಡುವ ತಾಂಡಿ, ಅದರ ಮುಂದೆ ಕೇಲಾಂಗ್, 3,080. ಇಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ. ಆಮೇಲೆ ಜಿಸ್ಪಾ. ಅದಾದ ಮೇಲೆ ಸರ್ಚುವಿಗೆ ಹಾರದೆ ಎರಡು ರಾತ್ರಿ ನಡುವೆ ಸೇರಿಸಿ: ಒಂದು ಪಟ್ಸಿಯೋ, ಅದು 3,800ರ ಹತ್ತಿರ (ಇದೊಂದು ಏರು ಮಾತ್ರ 500ರ ಮಿತಿಯನ್ನು ಸ್ವಲ್ಪ ಮೀರುತ್ತದೆ), ಇನ್ನೊಂದು ಜಿಂಗ್‌ಜಿಂಗ್‌ಬಾರ್, 4,270ರ ಹತ್ತಿರ. ಇವೆರಡೂ ದಿನ ತುಳಿಯುವುದು ತೀರಾ ಕಡಿಮೆ, ಮಧ್ಯಾಹ್ನವೇ ಟೆಂಟ್ ಹಾಕಿ ಕೂತಿರುತ್ತೀರಿ. ಗಟ್ಟಿ ಸವಾರರಿಗೆ ಬೇಜಾರಾಗುವುದು ಇಲ್ಲೇ, ಎಲ್ಲ ಕೆಡುವುದೂ ಇಲ್ಲೇ. ಕೂತಿರಿ. ನೀರು ಕುಡಿಯಿರಿ, ಸ್ವಲ್ಪ ಮೇಲಕ್ಕೆ ನಡೆದು ಬನ್ನಿ.

ಜಿಂಗ್‌ಜಿಂಗ್‌ಬಾರ್‌ನಲ್ಲಿ ಬೆಳಿಗ್ಗೆ ಎದ್ದಾಗ ಮೂವರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ತಲೆನೋವು ಇದೆಯಾ? ಊಟ ಸೇರಿತಾ? ಯಾರಿಗಾದರೂ ತಲೆನೋವಿನ ಜೊತೆ ವಾಕರಿಕೆ ಇದ್ದರೆ ಅವತ್ತು ಬಾರಾಲಾಚಾ ಇಲ್ಲ. ಹಿಂದೆ ತಿರುಗಿದರೆ ಬರೀ ಇಳಿಜಾರು, ಪೆಡಲ್ ಹೆಚ್ಚು ತುಳಿಯದೆ ದಾರ್ಚಾ ತಲುಪಬಹುದು, ಕೇಲಾಂಗ್‌ನಲ್ಲಿ ಆಸ್ಪತ್ರೆ ಇದೆ. ಹಾಗೆ ಸಲೀಸಾಗಿ ಇಳಿಯಬಹುದಾದ ಕೊನೆಯ ಜಾಗ ಜಿಂಗ್‌ಜಿಂಗ್‌ಬಾರ್. ಪಾಸ್ ದಾಟುವ ನಿರ್ಧಾರವನ್ನು ಪಾಸ್ ಮೇಲೆ ಮಾಡಬಾರದು, ಅಲ್ಲಿ ಮಾಡಬೇಕು.

ಎಲ್ಲರೂ ಚೆನ್ನಾಗಿದ್ದರೆ ಸರ್ಚು, ಮಾರನೇ ದಿನ ಗಾಟಾ ಲೂಪ್ಸ್ ಬುಡದವರೆಗೆ, ಆಮೇಲೆ ಆ 21 ತಿರುವುಗಳನ್ನು ಹತ್ತಿ ಎರಡು ಪಾಸ್ ದಾಟಿ ಪಾಂಗ್, ಆಮೇಲೆ ಮೋರೆ ಬಯಲು ದಾಟಿ ದೇಬ್ರಿಂಗ್, ತಂಗ್ಲಾಂಗ್ ಲಾ ದಾಟಿ ರುಮ್ತ್ಸೆ, ಉಪ್ಶಿಯಲ್ಲಿ ಸಿಂಧೂ ನದಿ ಸಿಕ್ಕ ಮೇಲೆ ಲೇಹ್. ತುಳಿಯುವುದೇ ಹನ್ನೆರಡು ದಿನ. ವಿಶ್ರಾಂತಿ, ಮನಾಲಿಯ ರಾತ್ರಿಗಳು, ರಸ್ತೆ ಮುಚ್ಚಿದರೆ ಅಂತ ಎರಡು ದಿನ, ಎಲ್ಲ ಸೇರಿದರೆ ಎರಡೂವರೆ ವಾರ ಬೇಕು. ಊರಿಂದ ಹೋಗಿ ಬರುವ ದಿನ ಬೇರೆ.

ಹತ್ತೇ ದಿನ ಇದೆ ಅಂದಿರಲ್ಲ, ಅದಕ್ಕೆ ಬೇರೆ ದಾರಿ ಇದೆ. ಲೇಹ್‌ಗೆ ವಿಮಾನದಲ್ಲಿ ಹೋಗಿ. ಲೇಹ್‌ನ ಎತ್ತರವೇ 3,500, ಆದ್ದರಿಂದ ಮೊದಲ ಮೂರು ದಿನ ಸೈಕಲ್ ಪೆಟ್ಟಿಗೆಯಲ್ಲೇ ಇರಲಿ. ಆಮೇಲೆ ಸಿಂಧೂ ನದಿಯ ಜೊತೆ ಪಶ್ಚಿಮಕ್ಕೆ ತುಳಿಯಿರಿ. ಝಂಸ್ಕಾರ್ ನದಿ ಬಂದು ಸೇರುವ ನಿಮ್ಮು, ಹಳೆಯ ಭಿತ್ತಿಚಿತ್ರಗಳಿರುವ ಆಲ್ಚಿ, ಅಲ್ಲಿಂದ ಲಾಮಾಯುರು. ಹೋಗುವುದು ಸುಮಾರು 115 ಕಿಮೀ, ಬರುವುದು ಅಷ್ಟೇ. ಮಲಗುವ ಜಾಗ ಯಾವುದೂ ಲೇಹ್‌ಗಿಂತ ಹೆಚ್ಚೇನೂ ಎತ್ತರದಲ್ಲಿಲ್ಲ. ಅದೇ ಬೋಳು ಬೆಟ್ಟ, ಅದೇ ಆಕಾಶ. ಇದನ್ನು ಚಿಕ್ಕದು ಅಂದುಕೊಳ್ಳಬೇಡಿ, ಸರಿಯಾದ ಪ್ರವಾಸವೇ.

ಪ್ರಶ್ನೆ: ನನಗೆ 54 ವರ್ಷ, ಬಿಪಿ ಮಾತ್ರೆ ತಗೊಳ್ತೀನಿ, ವಾರಕ್ಕೆ ನಾಲ್ಕು ದಿನ ಸೈಕಲ್ ತುಳಿಯುತ್ತೇನೆ. ಜೊತೆಗೆ ಬರುವವರೆಲ್ಲ ಹುಡುಗರು. ನನ್ನಿಂದ ಆಗುತ್ತಾ? ಡಯಾಮಾಕ್ಸ್ ತಗೊಂಡರೆ ಸಾಕು ಅಂತ ಅವರು ಹೇಳುತ್ತಿದ್ದಾರೆ.

ವಯಸ್ಸು ಅಡ್ಡಿಯಲ್ಲ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದವರನ್ನು ಬಿಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಎಷ್ಟೋ ಸಲ ಹುಡುಗರಿಗೇ ಜಾಸ್ತಿ ಆಗುತ್ತದೆ, ಯಾಕೆಂದರೆ ಅವರು ಬೇಗ ಬೇಗ ಮೇಲೇರುತ್ತಾರೆ. ನಿಮ್ಮ ನಿಧಾನವೇ ನಿಮ್ಮನ್ನು ಕಾಯುತ್ತದೆ.

ಆದರೆ ನಿಮ್ಮ ವೈದ್ಯರ ಹತ್ತಿರ ಹೋಗದೆ ಟಿಕೆಟ್ ಬುಕ್ ಮಾಡಬೇಡಿ. ಯಾವ ಬಿಪಿ ಮಾತ್ರೆ ಅನ್ನುವುದು ಇಲ್ಲಿ ಮುಖ್ಯ. ಕೆಲವು ಮಾತ್ರೆಗಳು ಹೃದಯದ ಬಡಿತ ಏರದಂತೆ ಹಿಡಿದಿಡುತ್ತವೆ, ಎತ್ತರದಲ್ಲಿ ಏರು ಹತ್ತುವಾಗ ಬಡಿತ ಏರಲೇಬೇಕು. ಕೆಲವು ಮಾತ್ರೆ ಮೂತ್ರ ಜಾಸ್ತಿ ಮಾಡಿಸುತ್ತವೆ, ಡಯಾಮಾಕ್ಸೂ ಅದನ್ನೇ ಮಾಡುತ್ತದೆ, ಎರಡೂ ಸೇರಿದರೆ ದೇಹ ಒಣಗುತ್ತದೆ. ಸಲ್ಫಾ ಔಷಧಿ ಆಗದವರು ಅದನ್ನೂ ಹೇಳಬೇಕು. ಇದೆಲ್ಲ ನಾನು ಪತ್ರಿಕೆಯಲ್ಲಿ ತೀರ್ಮಾನಿಸುವ ವಿಷಯ ಅಲ್ಲ.

ಡಯಾಮಾಕ್ಸ್, ಅಂದರೆ ಅಸಿಟಜೋಲಮೈಡ್, ಒಳ್ಳೆಯ ಮಾತ್ರೆ. ಅದು ಉಸಿರಾಟವನ್ನು ಸ್ವಲ್ಪ ಹೆಚ್ಚಿಸಿ ದೇಹ ಬೇಗ ಒಗ್ಗಲು ಸಹಾಯ ಮಾಡುತ್ತದೆ. ಸಾಮಾನ್ಯವಾಗಿ ಏರಲು ಶುರು ಮಾಡುವ ಹಿಂದಿನ ದಿನದಿಂದ ತೆಗೆದುಕೊಳ್ಳುತ್ತಾರೆ. ಬೆರಳ ತುದಿ ಜುಮ್ಮೆನ್ನುತ್ತದೆ, ರಾತ್ರಿ ಟೆಂಟಿನಿಂದ ಆಚೆ ಏಳುವುದು ಜಾಸ್ತಿ ಆಗುತ್ತದೆ. ಆದರೆ ಮಾತ್ರೆ ತಗೊಂಡ ಧೈರ್ಯದಲ್ಲಿ ಎರಡು ದಿನದ ಏರನ್ನು ಒಂದೇ ದಿನ ಮಾಡಬಾರದು.

ಇನ್ನೊಂದು ಮಾತು ನಿಮ್ಮ ಜೊತೆಗಿರುವ ಹುಡುಗರಿಗೂ ಓದಿ ಹೇಳಿ. ತಲೆನೋವು, ಹಸಿವಿಲ್ಲ, ಸುಸ್ತು, ಇಷ್ಟಿದ್ದರೆ ಅಲ್ಲೇ ನಿಲ್ಲಿ, ಕಡಿಮೆ ಆಗುವವರೆಗೆ ಒಂದಿಷ್ಟೂ ಮೇಲೆ ಹೋಗಬೇಡಿ. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ಮಾತು ತೊದಲಿದರೆ, ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಲು ಆಗದೆ ಓಲಾಡಿದರೆ ಮೆದುಳಿಗೆ ತಟ್ಟಿದೆ ಅಂತ ಅರ್ಥ. ಈ ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯುವಂತಿಲ್ಲ. ಸೈಕಲ್ ಅಲ್ಲೇ ಬಿಟ್ಟು, ಸಿಕ್ಕ ಗಾಡಿ ಹತ್ತಿ, ಆಮ್ಲಜನಕ ಸಿಗುವ ಕಡೆಗೆ ಹೊರಡಬೇಕು. ಪಾಂಗ್‌ನಲ್ಲಿ ಸೇನೆಯ ಕ್ಯಾಂಪ್ ಇದೆ, ಅಂಥ ಹೊತ್ತಿನಲ್ಲಿ ಸಂಕೋಚವಿಲ್ಲದೆ ಅವರ ಬಾಗಿಲು ತಟ್ಟಿ.

ಪ್ರಶ್ನೆ: ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕಡಿಮೆ ಆಗಿ ಟೈರ್ ಸಿಡಿಯುತ್ತಾ?

ಇಲ್ಲ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ, ತಂಗ್ಲಾಂಗ್ ಲಾ ತುದಿಯಲ್ಲಿ ಅದರ ಅರ್ಧದಷ್ಟು. ಅಂದರೆ ಟೈರಿಗೆ ಜಾಸ್ತಿ ಆಗುವುದು ಏಳು ಪಿಎಸ್‌ಐ, ಮನಾಲಿಯಲ್ಲಿ ಗಾಳಿ ಹಾಕಿದ್ದರೆ ಅಷ್ಟೂ ಇಲ್ಲ, ಮೇಲಿನ ಚಳಿಗೆ ಒಂದಿಷ್ಟು ಇಳಿದೂ ಬಿಡುತ್ತದೆ. ಊದಿಕೊಳ್ಳುವುದು ಢಾಬಾದಲ್ಲಿ ನೇತುಹಾಕಿದ ಚಿಪ್ಸ್ ಪ್ಯಾಕೆಟ್ಟು, ನಿಮ್ಮ ಟೈರಲ್ಲ.

ಪ್ರಶ್ನೆ: ನನ್ನ ಬಳಿ ಎಂಟು ವರ್ಷ ಹಳೆಯ ಎಂಟಿಬಿ (ಮೌಂಟನ್ ಬೈಕ್) ಇದೆ, ಮುಂದೆ ಮೂರು, ಹಿಂದೆ ಎಂಟು ಗೇರು. ಹೊಸ ಟೂರಿಂಗ್ ಸೈಕಲ್ ಕೊಳ್ಳಲೇಬೇಕಾ? ಕ್ಯಾರಿಯರ್ ಹಾಕಿಸಿದರೆ ಸಾಕಾ?

ಕೊಳ್ಳಬೇಡಿ. ಆ ಸೈಕಲ್ಲೇ ಈ ದಾರಿಗೆ ಸರಿ. ಮುಂದಿನ ಚಿಕ್ಕ ಚೈನ್‌ರಿಂಗ್‌ನಲ್ಲಿ 22 ಹಲ್ಲು, ಹಿಂದಿನ ದೊಡ್ಡದರಲ್ಲಿ 32 ಅಥವಾ 34 ಹಲ್ಲು ಇದೆಯಾ ಎಣಿಸಿ ನೋಡಿ. ಇದ್ದರೆ ನಿಮಗೆ ಬೇಕಾದ ಗೇರು ಇದೆ. ಈ ಹೆದ್ದಾರಿಯ ಏರು ಅಷ್ಟೇನೂ ಕಡಿದಲ್ಲ, ಲಾರಿಗಳಿಗೆ ಅಂತ ಮಾಡಿದ ರಸ್ತೆ. ಆದರೆ ಅರ್ಧದಷ್ಟೇ ಆಮ್ಲಜನಕದಲ್ಲಿ, ಹದಿನೈದು ಕೆಜಿ ಹೊರೆ ಹೊತ್ತು, ಗಂಟೆಗಟ್ಟಲೆ ಹತ್ತಬೇಕು. ಅದಕ್ಕೆ ನಡಿಗೆಯ ವೇಗದಲ್ಲೂ ಕಾಲು ಹಗುರವಾಗಿ ತಿರುಗುವಂಥ ಗೇರು ಬೇಕು. ದುಬಾರಿ ರೋಡ್ ಬೈಕ್‌ಗಳಲ್ಲಿ ಇಲ್ಲದೇ ಇರುವುದು ಇದೇ.

ಟೈರ್ ಹೊಸದು ಹಾಕಿಸಿ, ಎರಡು ಇಂಚಿನ ಸುತ್ತಮುತ್ತ ಅಗಲ ಇರಲಿ. ಡಾಂಬರು ಇರುವ ಕಡೆ ಚೆನ್ನಾಗಿದೆ, ಇಲ್ಲದ ಕಡೆ ಜಲ್ಲಿ, ಮರಳು, ಹಿಟ್ಟಿನಂಥ ಧೂಳು. ಚೈನು, ಬ್ರೇಕ್ ಕೇಬಲ್, ಗೇರ್ ಕೇಬಲ್ ಬದಲಿಸಿ. ಬ್ರೇಕ್ ಪ್ಯಾಡ್ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಗೇರ್ ಬದಲಿಸುವ ಹಿಂದಿನ ಡಿರೇಲರ್ ಹಿಡಿದಿರುವ ಹ್ಯಾಂಗರ್ ಪ್ರತಿ ಸೈಕಲ್‌ಗೂ ಬೇರೆ ಬೇರೆ. ನಿಮ್ಮ ಸೈಕಲ್‌ಗೆ ಕೂಡುವುದನ್ನು ಊರಿಂದಲೇ ಒಯ್ಯಿರಿ. ಅದು ಮುರಿದರೆ ಅಲ್ಲಿ ಯಾರ ಹತ್ತಿರವೂ ಸಿಗುವುದಿಲ್ಲ. ಟ್ಯೂಬು, ಪ್ಯಾಚು, ಚೈನ್ ಲಿಂಕು, ನಾಲ್ಕೈದು ಕಡ್ಡಿ, ಪ್ಲಾಸ್ಟಿಕ್ ಟೈ, ಇವು ಹೇಳಬೇಕಾಗಿಯೇ ಇಲ್ಲ. ಚೈನಿಗೆ ತೆಳುವಾದ ಒಣ ಲೂಬ್ ಹಾಕಿ, ದಪ್ಪ ಎಣ್ಣೆ ಹಾಕಿದರೆ ಸಂಜೆಯೊಳಗೆ ಧೂಳು ಅಂಟಿ ಅರೆಯಲು ಶುರುವಾಗುತ್ತದೆ.

ಕ್ಯಾರಿಯರ್ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಷ್ಟು ದೂರದ ದಾರಿಯಲ್ಲಿ ಪಂಕ್ಚರ್‌ಗಿಂತ ಜಾಸ್ತಿ ಕಾಡುವುದು ಕ್ಯಾರಿಯರ್ ಬೋಲ್ಟು. ಕೆಳಗೆ ಹಿಂದಿನ ಚಕ್ರದ ಆ್ಯಕ್ಸಲ್ ಪಕ್ಕ ಎರಡು, ಮೇಲೆ ಸೀಟಿನ ಕೆಳಗೆ ಎರಡು. ಸಾಮಾನ್ಯವಾಗಿ 5 ಎಂಎಂ ಬೋಲ್ಟು, 4 ಎಂಎಂ ಅಲೆನ್ ಕೀ ಹಿಡಿಸುತ್ತದೆ. ಜಲ್ಲಿ ರಸ್ತೆಯ ಕುಲುಕಾಟಕ್ಕೆ ಇವು ಕಾಣದಂತೆ ಸಡಿಲ ಆಗುತ್ತವೆ. ಕೆಳಗಿನ ಒಂದು ಬಿದ್ದುಹೋದರೆ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಅದೂ ಕತ್ತರಿಸಿಕೊಳ್ಳುತ್ತದೆ, ಅದರ ತುಂಡು ಫ್ರೇಮ್ ಒಳಗೇ ಉಳಿದುಬಿಡುತ್ತದೆ. ಹಾಕಿಸುವಾಗ ಥ್ರೆಡ್ ಲಾಕ್ ಅಂಟು ಒಂದು ಹನಿ ಬಿಡಿ, ಪೂರ್ತಿ ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಕ್ಯಾರಿಯರ್ ಕಂಬಿಯ ಮೇಲಕ್ಕೆ ನೇಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ದಿನಾ ಬೆಳಿಗ್ಗೆ ಬ್ಯಾಗ್ ಏರಿಸುವ ಮೊದಲು ಕಣ್ಣು ಹಾಯಿಸಿದರೆ ಸಾಕು, ಗೆರೆ ನೇರ ಇದ್ದರೆ ಬೋಲ್ಟ್ ಕದಲಿಲ್ಲ, ಮುರಿದಂತೆ ಕಂಡರೆ ಕದಲಿದೆ. ಚೈನಿನ ಬದಿಯ ಬೋಲ್ಟ್ ತುಂಬ ಉದ್ದ ಇರಬಾರದು, ಒಳಗೆ ಚಾಚಿ ಚಿಕ್ಕ ಹಲ್ಲುಚಕ್ರದ ಮೇಲಿರುವ ಚೈನಿಗೆ ತಾಗುತ್ತದೆ. ಅಂಥ ನಾಲ್ಕು ಬೋಲ್ಟು ಹೆಚ್ಚಿಗೆ ಜೇಬಲ್ಲಿರಲಿ.

ರೈಲಿಗೆ, ವಿಮಾನಕ್ಕೆ ಸೈಕಲ್ ಕಟ್ಟುವಾಗ ಪೆಡಲ್ ಬಿಚ್ಚಬೇಕಾಗುತ್ತದೆ. ಎಡಗಡೆಯ ಪೆಡಲ್‌ಗೆ ಉಲ್ಟಾ ಮರೆ (ಸ್ಕ್ರೂ ಥ್ರೆಡ್) ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಬಿಚ್ಚಬೇಕು. ಬಲ ಹಾಕಿ ಮರೆ ಕೆಡಿಸಬೇಡಿ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಮಳೆ ಬರುವುದಿಲ್ಲ ಅಂತಾರೆ, ನಿಜವಾ?

ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ಹಿಮಾಲಯದ ಮಳೆನೆರಳಲ್ಲಿರುವ ಶೀತಮರುಭೂಮಿ ಅದು. ಆದರೆ ನೀವು ಹೊರಡುವ ಮನಾಲಿ ಮಳೆಯ ಬದಿಗಿದೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿಯುವುದು ಮಾಮೂಲು, 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿಗೆ ಹೋಗುವ ಹೆದ್ದಾರಿಯೇ ಹಲವು ಕಡೆ ಕೊಚ್ಚಿಹೋಗಿತ್ತು. ಜೂನ್‌ನಲ್ಲಿ ಹೋದರೆ ರಸ್ತೆ ಆಗಷ್ಟೇ ತೆರೆದಿರುತ್ತದೆ, ಪಾಸ್‌ಗಳ ಮೇಲೆ ಹಿಮದ ಗೋಡೆ, ಕರಗಿದ ನೀರು ರಸ್ತೆ ಮೇಲೇ ಹರಿಯುತ್ತಿರುತ್ತದೆ.

ನನ್ನ ಆಯ್ಕೆ ಸೆಪ್ಟೆಂಬರ್ ಮೊದಲ ಮೂರು ವಾರ. ಆಕಾಶ ತಿಳಿ, ಹಳ್ಳಗಳಲ್ಲಿ ನೀರು ಕಡಿಮೆ, ಢಾಬಾಗಳು ಇನ್ನೂ ಇರುತ್ತವೆ. ರಾತ್ರಿ ಚಳಿ ಮಾತ್ರ ಗಟ್ಟಿ, ಸರ್ಚುವಿನಿಂದಾಚೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ ಅಂದುಕೊಂಡೇ ಸ್ಲೀಪಿಂಗ್ ಬ್ಯಾಗ್ ಆರಿಸಿ.

ಯಾವ ತಿಂಗಳಾದರೂ ಒಂದು ಅಭ್ಯಾಸ ಬಿಡಬೇಡಿ: ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದೊಳಗೆ ಮುಗಿಸಿ. ಬಿಸಿಲೇರಿದಂತೆ ಹಿಮ ಕರಗಿ ಹಳ್ಳಗಳಲ್ಲಿ ನೀರು ಏರುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟು ಇದ್ದದ್ದು ಸಂಜೆಗೆ ಮೊಣಕಾಲು ಮುಟ್ಟಬಹುದು. ಗಾಳಿಯೂ ಹಾಗೇ, ಮಧ್ಯಾಹ್ನದ ಮೇಲೆ ಏಳುತ್ತದೆ. ಮೋರೆ ಬಯಲಿನಲ್ಲಿ ನಲವತ್ತು ಕಿಮೀ ಸಮತಟ್ಟು, ಅಡ್ಡ ಒಂದು ಮರ ಇಲ್ಲ, ಎದುರುಗಾಳಿ ಹಿಡಿದರೆ ಸಮತಟ್ಟಿನಲ್ಲೂ ಘಾಟಿಯ ಗೇರಿಗೆ ಇಳಿಯಬೇಕಾಗುತ್ತದೆ.

ಪ್ರಶ್ನೆ: ನೀರು, ಊಟ ಹೇಗೆ? ಅಕ್ಕಿ, ಬೇಳೆ, ಸ್ಟವ್ ಎಲ್ಲ ಹೊತ್ತುಕೊಂಡು ಹೋಗಬೇಕಾ?

ಅಕ್ಕಿ, ಬೇಳೆ ಮನೆಯಲ್ಲೇ ಬಿಡಿ. ಪಾಂಗ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ, ಗ್ಯಾಸ್ ಖಾಲಿಯಾಗುತ್ತದೆ ಅಷ್ಟೇ. ಓಟ್ಸ್, ಅವಲಕ್ಕಿ, ಹುರಿಗಡಲೆ ಹಿಟ್ಟು, ಖರ್ಜೂರ, ಶೇಂಗಾ, ಬೆಲ್ಲ, ಇವು ಸಾಕು. ಜಿಂಗ್‌ಜಿಂಗ್‌ಬಾರ್, ಭರತಪುರ, ಸರ್ಚು, ಪಾಂಗ್, ದೇಬ್ರಿಂಗ್, ಇಲ್ಲೆಲ್ಲ ಬೇಸಿಗೆಯಲ್ಲಿ ಟೆಂಟ್ ಢಾಬಾಗಳಿರುತ್ತವೆ. ಅನ್ನ–ದಾಲ್, ಮ್ಯಾಗಿ, ಆಮ್ಲೆಟ್, ಚಹಾ ಸಿಗುತ್ತದೆ, ಒಳಗೇ ಸಾಲಾಗಿ ಹಾಸಿಗೆ, ದಪ್ಪ ರಜಾಯಿ. ಆದರೆ ಎರಡು ದಿನಕ್ಕಾಗುವಷ್ಟು ತಿನಿಸು ಯಾವತ್ತೂ ಬ್ಯಾಗಿನಲ್ಲಿರಲಿ, ರಸ್ತೆ ಮುಚ್ಚಿದರೆ ಢಾಬಾದಲ್ಲೂ ಮುಗಿಯುತ್ತದೆ. ಸ್ಟವ್ ಬೇಕೇ ಬೇಕು ಅಂದರೆ ಗ್ಯಾಸ್ ಡಬ್ಬಿ ಮನಾಲಿಯಲ್ಲೇ ಕೊಳ್ಳಿ, ವಿಮಾನದಲ್ಲಿ ಬಿಡುವುದಿಲ್ಲ.

ಎತ್ತರದಲ್ಲಿ ಹಸಿವು ಸಾಯುತ್ತದೆ. ಹಸಿವಾಗಲಿ ಅಂತ ಕಾಯಬೇಡಿ, ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ.

ನೀರು ನಾಲ್ಕರಿಂದ ಐದು ಲೀಟರ್ ಹಿಡಿಸುವಷ್ಟು ಬಾಟಲಿ ಇರಲಿ. ಗಾಳಿ ಎಷ್ಟು ಒಣ ಅಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಸರ್ಚು ಬಿಟ್ಟ ಮೇಲೆ, ಮತ್ತೆ ಮೋರೆ ಬಯಲಿನಲ್ಲಿ, ತುಂಬಿಸಿಕೊಳ್ಳುವ ಜಾಗ ಬಹಳ ದೂರ ದೂರ. ಹಳ್ಳದ ನೀರನ್ನು ಕ್ಲೋರಿನ್ ಮಾತ್ರೆ ಹಾಕಿ ಕುಡಿಯಿರಿ ಅಥವಾ ಫಿಲ್ಟರ್ ಬಳಸಿ. ಸಣ್ಣ ಕೊಳವೆ ಥರದ ಫಿಲ್ಟರ್ ಆದರೆ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಿ. ಒಳಗಿನ ನೀರು ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಬಿರುಕು ಬಿಡುತ್ತವೆ, ಆಮೇಲೂ ನೀರು ಬರುತ್ತಲೇ ಇರುತ್ತದೆ, ಶುದ್ಧವಾಗಿರುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಖಾಲಿ ಪ್ಯಾಕೆಟ್, ಬಾಟಲಿ ಎಲ್ಲ ಲೇಹ್‌ವರೆಗೆ ಹೊತ್ತು ತನ್ನಿ. ಆ ಒಣ ನೆಲದಲ್ಲಿ ಏನೂ ಕೊಳೆಯುವುದಿಲ್ಲ, ಎಸೆದದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮ ಊರು ಪೂರ್ತಿ ಬಯಲು, ಒಂದು ಘಾಟಿಯೂ ಇಲ್ಲ. ತಯಾರಿ ಹೇಗೆ ಮಾಡುವುದು?

ಎದುರುಗಾಳಿಗೆ ತುಳಿಯಿರಿ, ಅದೂ ಘಾಟಿಯೇ. ಪ್ರವಾಸಕ್ಕೆ ಒಯ್ಯುವ ಬ್ಯಾಗುಗಳನ್ನೇ ತುಂಬಿಕೊಂಡು ಶನಿವಾರ, ಭಾನುವಾರ ಎರಡೂ ದಿನ ನಾಲ್ಕೈದು ಗಂಟೆ ತುಳಿಯಿರಿ. ಮೊದಲ ದಿನಕ್ಕಿಂತ ಎರಡನೇ ದಿನ ಮುಖ್ಯ, ದಣಿದ ಕಾಲಿನಲ್ಲಿ ಮತ್ತೆ ಸೀಟಿನ ಮೇಲೆ ಕೂರುವ ಅಭ್ಯಾಸ ಬೇಕು. ಎತ್ತರಕ್ಕೆ ಮಾತ್ರ ಊರಲ್ಲಿ ತಯಾರಿ ಇಲ್ಲ, ಅದು ಅಲ್ಲಿ ಹೋಗಿಯೇ ಆಗಬೇಕು.

ಪ್ರಶ್ನೆ: ನನ್ನ ಮಗಳಿಗೆ 27 ವರ್ಷ. ಒಬ್ಬಳೇ ಮನಾಲಿ–ಲೇಹ್ ಸೈಕಲ್‌ನಲ್ಲಿ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಇಲ್ಲ. ಏನು ಮಾಡಲಿ?

ಅಮ್ಮಾ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಬೇಡ ಅನ್ನಬೇಡಿ. ಆದರೆ ಕೆಲವು ಪ್ರಶ್ನೆ ಕೇಳಿ, ಅವಳ ಉತ್ತರದಿಂದ ತಯಾರಿ ಎಷ್ಟಿದೆ ಅಂತ ನಿಮಗೇ ತಿಳಿಯುತ್ತದೆ.

ಪ್ರತಿ ರಾತ್ರಿ ಎಲ್ಲಿ, ಎಷ್ಟು ಎತ್ತರದಲ್ಲಿ ಮಲಗುತ್ತೀಯಾ ಅಂತ ಕೇಳಿ. ಬರೆದು ಕೊಡಲಿ. ನಿಮ್ಮ ಹತ್ತಿರ ಆ ಹಾಳೆ ಇರಲಿ. ಫೋನ್ ಯಾವುದು ಅಂತ ಕೇಳಿ. ಹೊರರಾಜ್ಯದ ಪ್ರೀಪೇಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಬೇಕು. ಅದಿದ್ದರೂ ದಾರ್ಚಾ ದಾಟಿದ ಮೇಲೆ ಸಿಗ್ನಲ್ ನಂಬುವಂತಿಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ: ನಡುವಿನ ಐದಾರು ದಿನ ಅವಳಿಂದ ಕರೆ ಬರದೇ ಇರಬಹುದು, ಅದರರ್ಥ ಏನೋ ಆಯಿತು ಅಂತಲ್ಲ. ದಾರ್ಚಾದಿಂದ ಒಂದು ಕರೆ, ಉಪ್ಶಿಯಿಂದ ಇನ್ನೊಂದು ಕರೆ ಅಂತ ಮಾತಾಡಿಕೊಳ್ಳಿ. ಉಪ್ಶಿಯ ಕರೆಗೆ ಇಷ್ಟನೇ ತಾರೀಖು ಅಂತ ಗಡುವು ಇರಲಿ, ಅದಕ್ಕೆ ಎರಡು ದಿನ ಹೆಚ್ಚಿಗೆ ಸೇರಿಸಿ.

ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಕೊಡಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಬೇಡ ಅನ್ನಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಗಡಿ ಪ್ರದೇಶದಲ್ಲಿ ಸಿಕ್ಕಿಬಿದ್ದರೆ ದೊಡ್ಡ ಫಜೀತಿ.

ಮಲಗುವುದು ಢಾಬಾ ಟೆಂಟುಗಳಲ್ಲಿ ಆದರೆ ಒಳ್ಳೆಯದು. ಬಹಳಷ್ಟು ಕಡೆ ಹೆಂಗಸರು, ಕುಟುಂಬದವರೇ ನಡೆಸುತ್ತಾರೆ, ಎತ್ತರದ ಕಾಯಿಲೆ ಬಂದವರನ್ನು ಅವರು ನೋಡಿರುತ್ತಾರೆ. ಒಬ್ಬರೇ ಹೋಗುವವರಿಗೆ ನಿಜವಾದ ಅಪಾಯ ಮನುಷ್ಯರಿಂದ ಅಲ್ಲ, ರಾತ್ರಿ ಮಾತು ತೊದಲಲು ಶುರುವಾದರೆ ಗಮನಿಸುವವರು ಪಕ್ಕದಲ್ಲಿ ಇಲ್ಲದೇ ಇರುವುದು. ಅದಕ್ಕೇ ಸರ್ಚುವಿನಿಂದ ದೇಬ್ರಿಂಗ್‌ವರೆಗೆ ಅವಳು ಒಂಟಿಯಾಗಿ ಟೆಂಟ್ ಹಾಕಬಾರದು. ಗಾಟಾ ಲೂಪ್ಸ್ ಬುಡದ ರಾತ್ರಿಗೆ ಬೇರೆ ಸೈಕಲ್‌ನವರು ಜೊತೆ ಸಿಗದಿದ್ದರೆ ಸರ್ಚುವಿನಲ್ಲೇ ಇನ್ನೊಂದು ದಿನ ಇದ್ದು ಕಾಯಲಿ. ಸೆಪ್ಟೆಂಬರ್‌ನಲ್ಲಿ ಯಾರಾದರೂ ಬರುತ್ತಾರೆ. ಈ ಒಂದು ಮಾತು ಕೊಡಲಿ ಅವಳು ನಿಮಗೆ.

ಕೇಲಾಂಗ್ ಆದ ಮೇಲೆ ಲೇಹ್‌ವರೆಗೆ ಎಟಿಎಂ ಸಿಗುತ್ತದೆ ಅಂತ ನೆಚ್ಚಬಾರದು, ನಗದು ಎರಡು ಕಡೆ ಹಂಚಿ ಇಟ್ಟುಕೊಳ್ಳಲಿ. ಈ ಹೆದ್ದಾರಿಗೆ ಭಾರತೀಯರಿಗೆ ಪರ್ಮಿಟ್ ಬೇಕಿಲ್ಲ, ಗುರುತಿನ ಚೀಟಿ ಮಾತ್ರ ಕೈಗೆ ಸಿಗುವಂತಿರಲಿ.

ಪ್ರಶ್ನೆ: ಸೇನೆಯ ಲಾರಿಗಳು ಸಾಲಾಗಿ ಬಂದರೆ ಏನು ಮಾಡಬೇಕು?

ಸೈಕಲ್‌ನಿಂದ ಇಳಿದು ಬೆಟ್ಟದ ಗೋಡೆಯ ಬದಿಗೆ ನಿಲ್ಲಿ, ಪ್ರಪಾತದ ಬದಿಗೆ ಬೇಡ. ಕೊನೆಯ ಲಾರಿ ದಾಟಿ ಧೂಳು ಕೂರುವವರೆಗೆ ಕಾಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಎಳೆದುಕೊಂಡರೆ ಆ ಒಣ ಹವೆಯಲ್ಲಿ ಕೆಮ್ಮು ವಾರಗಟ್ಟಲೆ ಬಿಡುವುದಿಲ್ಲ.

ಪ್ರಶ್ನೆ: ಲೇಹ್ ತಲುಪಿದ ಮೇಲೆ ಖಾರ್ದುಂಗ್ ಲಾ ಹತ್ತಬೇಕು ಅಂತ ಆಸೆ. ಅದು ಜಗತ್ತಿನಲ್ಲೇ ಎತ್ತರದ ರಸ್ತೆ ಅಲ್ವಾ?

ಅಲ್ಲ. ಅಲ್ಲಿ ಬಹಳ ವರ್ಷ 18,380 ಅಡಿ ಅಂತ ಬೋರ್ಡ್ ಇತ್ತು, ಅಳತೆಯ ಪ್ರಕಾರ ಅದು 5,359 ಮೀಟರ್, ಅಂದರೆ 17,600 ಅಡಿಗೂ ಕಡಿಮೆ. ಅದಕ್ಕಿಂತ ಎತ್ತರದ ರಸ್ತೆಗಳು ಲಡಾಖ್‌ನಲ್ಲೇ ಇವೆ. ಆದರೂ ಹತ್ತಿ. ಲೇಹ್ ಬಾಗಿಲಿನಿಂದ ಶುರುವಾಗಿ ಸುಮಾರು ನಲವತ್ತು ಕಿಮೀ ಬರೀ ಏರು, ಅಂಥ ಘಾಟಿ ಬೇರೆಲ್ಲಿ ಸಿಗುತ್ತದೆ?

ಮನಾಲಿಯಿಂದ ತುಳಿದು ಬಂದಿದ್ದರೆ ನಿಮ್ಮ ದೇಹ ಆಗಲೇ ಒಗ್ಗಿರುತ್ತದೆ, ಒಂದು ದಿನ ವಿಶ್ರಾಂತಿ ಸಾಕು. ಬ್ಯಾಗುಗಳನ್ನೆಲ್ಲ ರೂಮಲ್ಲಿ ಬಿಡಿ. ಬೆಳಕು ಹರಿಯುವಾಗಲೇ ಹೊರಟರೆ ಮಧ್ಯಾಹ್ನದೊಳಗೆ ತುದಿ ಮುಟ್ಟಬಹುದು. ಆಚೆ ನುಬ್ರಾ ಕಣಿವೆಗೆ ಇಳಿಯುವುದಾದರೆ ಪರ್ಮಿಟ್ ಬೇಕಾ ಅಂತ ಲೇಹ್‌ನಲ್ಲೇ ವಿಚಾರಿಸಿಕೊಳ್ಳಿ. ಹತ್ತುವಾಗ ಬೆವರಿ ಒದ್ದೆಯಾದ ಬನಿಯನ್ ತುದಿಯಲ್ಲಿ ಬದಲಿಸಿ, ದಪ್ಪ ಜಾಕೆಟ್ ಹಾಕಿಯೇ ಇಳಿಯಲು ಶುರು ಮಾಡಿ. ಕೈಗವಸು ಚೆನ್ನಾಗಿರಬೇಕು. ಇಳಿಜಾರಿನ ಗಾಳಿಗೆ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿದಿದ್ದೀರೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೈ ಕಂಕುಳಲ್ಲಿಟ್ಟು ಬಿಸಿ ಮಾಡಿಕೊಂಡು ಮತ್ತೆ ಹೊರಡಿ.